ಉಡಿಗೆ ರಸೀದಿ

ಅತ್ತೆಯ ಬಸ್ ಟಿಕೆಟುಗಳು ಕೋರ್ಟಿನ ಕಾಗದಗಳಲ್ಲಿ ಸೇರಿಕೊಳ್ಳುತ್ತವೆ ಎಂದು ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ವಕೀಲರು ಅವುಗಳ ಝೆರಾಕ್ಸನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬರುವ ಬಸ್ಸಿನಲ್ಲಿ ಹೆಂಗಸರಿಗೆ ಹರಿದುಕೊಡುವ ಪುಕ್ಕಟೆ ಟಿಕೆಟು, ಒಂದರ ಪಕ್ಕ ಒಂದು ಸಾಲಾಗಿ ಇದ್ದವು. ಮಷೀನಿನ ಟಿಕೆಟಿನ ಮಸಿ ಎಷ್ಟು ದಿನ ತಾಳೀತು? ಅರ್ಧಕ್ಕರ್ಧ ಟಿಕೆಟುಗಳಲ್ಲಿ ಅಕ್ಷರವೇ ಕಾಣುತ್ತಿರಲಿಲ್ಲ.

“ಇವು ಯಾಕ್ರಿ ಸಾಹೇಬ್ರ?” ಎಂದು ಕೇಳಿದೆ.

“ನಿಮ್ಮ ಮನಿಯವರು ಕೊಟ್ಟ ಪುರಾವೆ ನೋಡ್ರಿ. ಪ್ರತಿ ತಿಂಗಳು ಅವ್ವನ ಕೈಯಾಗ ರೊಕ್ಕ ಕೊಟ್ಟು ಕಳಿಸೇನಿ ಅಂತ ಜವಾಬು ಹಾಕ್ಯಾರ. ಮುದುಕಿ ಬಂದು ಹೋಗಿದ್ದಕ್ಕ ಇವೇ ಸಾಕ್ಷಿ ಅಂತ.” ವಕೀಲರು ಹೊಟ್ಟೆ ಕುಣಿಯುವಂತೆ ನಕ್ಕರು. “ನಾ ಕರೀ ಕೋಟು ಹಾಕ್ಕೊಂಡ ಮ್ಯಾಲೆ ಪುಕ್ಕಟೆ ಟಿಕೆಟಿನ ಪುರಾವೆ ನೋಡಿದ್ದು ಇದೇ ಮೊದಲು.”

ನನಗೆ ನಗು ಬರಲಿಲ್ಲ. ಅತ್ತೆ ತಿಂಗಳಾ ತಿಂಗಳಾ ಬರುತ್ತಿದ್ದದ್ದು ನಿಜ. ಬಂದಾಗ ರೊಕ್ಕ ಕೊಡುತ್ತಿದ್ದದ್ದೂ ನಿಜ. ಆ ಸಂಗತಿಯನ್ನು ನಾನು ವಕೀಲರಿಗೆ ಹೇಳಿಯೇ ಇರಲಿಲ್ಲ. ಮುಚ್ಚಿಡಬೇಕೆಂದಲ್ಲ, ಉಡಿ ತುಂಬುವಾಗ ಸೆರಗಿನಲ್ಲಿ ಬಂದದ್ದನ್ನೂ ವಕೀಲರಿಗೆ ಹೇಳಬೇಕಾಗುತ್ತದೆ ಎಂದು ನನಗೆ ಹೊಳೆದಿರಲಿಲ್ಲ.

ನಾನು ಮತ್ತು ಮಗಳ ಅಪ್ಪ ಬೇರೆಯಾಗಿ ಕೆಲವು ವರ್ಷಗಳಾಗಿದ್ದವು. ಅವರು ಹುಮನಾಬಾದಿನಲ್ಲಿ ಒಂದು ಸಣ್ಣ ಗೂಡ್ಸ್ ಟೆಂಪೊ ಇಟ್ಟುಕೊಂಡು ಮನ್ನಾಏಖೇಳ್ಳಿಯ ಅಂಗಡಿಗಳಿಗೆ ಸಾಮಾನು ಮುಟ್ಟಿಸುತ್ತಾರೆ. ನಾನು ಬಸವಕಲ್ಯಾಣದಲ್ಲಿ ಬಾಡಿಗೆ ಕೋಣೆ ಹಿಡಿದು, ಸೀರೆಗಳಿಗೆ ಫಾಲ್ ಹಚ್ಚಿ, ಪಿಕೊ ಮಾಡಿ ಹೊಟ್ಟೆ ಹೊರೆಯುತ್ತೇನೆ. ತವರು ಇಲ್ಲೇ ಕೊಹಿನೂರದಲ್ಲಿದೆ. ಆದರೆ ಅಲ್ಲಿಗೆ ಮಗಳನ್ನು ಕಟ್ಟಿಕೊಂಡು ಹೋಗಿ ಅತ್ತಿಗೆಯ ಮುಖ ನೋಡುತ್ತ ಕೂಡುವುದು ನನ್ನ ಸ್ವಭಾವಕ್ಕೆ ಆಗಿಬರುವುದಿಲ್ಲ. ಬೇರೆಯಾಗಲು ಕಾರಣ ಕುಡಿತವಲ್ಲ, ಹೊಡೆತವಲ್ಲ. ಅವರಿಗೂ ಮೂಗಿನ ಮೇಲೆ ಸಿಟ್ಟು, ನನಗೂ ಮೂಗಿನ ಮೇಲೆ ಸಿಟ್ಟು. ಒಂದು ಮಾತಿಗೆ ಒಂದು ವಾರ ಮುಖ ತಿರುಗಿಸಿಕೊಂಡು ಓಡಾಡುವ ಇಬ್ಬರು ಒಂದೇ ಅಡುಗೆಮನೆಯಲ್ಲಿ ಎಷ್ಟು ದಿನ ಉಂಡಾರು?

ಕೋರ್ಟಿನಲ್ಲಿ ನನಗಾಗಿ ನಾನೇನೂ ಕೇಳಲಿಲ್ಲ. ಮಗಳಿಗೆ ತಿಂಗಳಿಗೆ ಮೂರು ಸಾವಿರ ಜೀವನಾಂಶ ಎಂದು ಆದೇಶವಾಯಿತು. ಅವರ ನಂಬರನ್ನು ನಾನು ಬ್ಲಾಕ್ ಮಾಡಿದ್ದೆ, ನನ್ನದನ್ನು ಅವರೂ ಮಾಡಿದ್ದರು. ಫೋನಿಗೆ ರೊಕ್ಕ ಹಾಕುವುದೆಂದರೆ ಯಾರಾದರೊಬ್ಬರು ಮೊದಲು ತಗ್ಗಬೇಕಿತ್ತು. ಯಾರೂ ತಗ್ಗಲಿಲ್ಲ. ಅವರು ಒಂದು ಪೈಸೆಯೂ ಕಳಿಸುತ್ತಿಲ್ಲವೆಂದೇ ನಾನು ತಿಳಿದಿದ್ದೆ. ಮಗಳು ಹತ್ತನೆಯ ತರಗತಿ ಮುಗಿಸುವ ಹೊತ್ತಿಗೆ ಶಾಲೆಯಲ್ಲಿ ಫೀ ಬಾಕಿ ಏರಿ ಕುಳಿತಿತ್ತು. ಬಾಕಿ ತುಂಬುವವರೆಗೆ ಟಿ.ಸಿ. ಕೊಡುವುದಿಲ್ಲ ಎಂದರು. ಪಿಯು ಕಾಲೇಜಿನವರು, ಟಿ.ಸಿ. ಆಮೇಲೆ ತರುತ್ತೇವೆ ಎಂಬ ಮಾತಿನ ಮೇಲೆ ಅವಳನ್ನು ಸೈನ್ಸ್ ಕ್ಲಾಸಿಗೆ ಕೂಡಿಸಿಕೊಂಡರು. ಅದಕ್ಕೂ ಗಡುವು ಇತ್ತು. ಅಲ್ಲಿಯ ತನಕ ಅವಳ ಹೆಸರು ಪಟ್ಟಿಯಲ್ಲಿರಲಿಲ್ಲ. ಹಾಜರಿ ಕೂಗುವಾಗ ಅಕ್ಕಪಕ್ಕದವರೆಲ್ಲ ಎದ್ದು ಕೂತರೂ ತಾನು ಪುಸ್ತಕದಲ್ಲಿ ಮುಖ ಹಾಕಿ ಕೂಡುತ್ತೇನೆ ಎಂದು ಒಮ್ಮೆ ಹೇಳಿದಳು. ಜೀವನಾಂಶದ ಬಾಕಿ ವಸೂಲಿಗೆ ಕೋರ್ಟಿಗೆ ಅರ್ಜಿ ಹಾಕಿದ್ದು ಅದೊಂದೇ ಕಾರಣಕ್ಕೆ.

ಇನ್ನು ಅತ್ತೆಯ ಉಡಿ. ಅಮಾವಾಸ್ಯೆ ಕಳೆದ ಮೇಲೆ ಒಂದು ದಿನ ಅತ್ತೆ ಬಂದೇ ಬರುತ್ತಿದ್ದರು. ಮೊಣಕಾಲು ಹಿಡಿದುಕೊಂಡು ಮೆಟ್ಟಿಲೇರಿ, ನೀರು ಕುಡಿದು, ಚೀಲ ಬಿಚ್ಚಿ “ಸೆರಗು ಹಿಡಿ” ಎನ್ನುತ್ತಿದ್ದರು. ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಒಂದು ಕುಪ್ಪಸದ ಕಣ. ಕಣದ ಮಡಿಕೆಯೊಳಗೆ ನೋಟು. ಗಂಡ ತೀರಿಹೋದ ಹೆಂಗಸು ಉಡಿ ತುಂಬಬಾರದೆಂದು ಹೇಳುವವರಿದ್ದಾರೆ. ನಮ್ಮತ್ತೆ ಅಂಥವರ ಬಾಯಿಗೆ ಹೆದರಿದವರಲ್ಲ. ಮಗನ ಬಾಯಿಯೊಂದನ್ನು ಬಿಟ್ಟು ಅವರು ಯಾರ ಬಾಯಿಗೂ ಹೆದರುತ್ತಿರಲಿಲ್ಲ.

ಉಡಿಯಲ್ಲಿ ಎಷ್ಟು ಹಾಕಿದೆ ಎಂದು ಹಾಕಿದವರು ಹೇಳುವುದಿಲ್ಲ. ಎಲ್ಲಿಂದ ತಂದಿರಿ ಎಂದು ಹಿಡಿದವರು ಕೇಳುವುದಿಲ್ಲ. ಸೆರಗು ಗಂಟಿಕ್ಕಿ ಒಳಗೆ ಹೋಗಿ ದೇವರ ಮುಂದೆ ಇಟ್ಟು, ಆಮೇಲೆ ಬಿಚ್ಚಿ ನೋಡುವುದು ನಮ್ಮ ಕಡೆಯ ರೀತಿ. ನಾನೂ ಹಾಗೆಯೇ ಮಾಡುತ್ತಿದ್ದೆ. ಪ್ರತಿ ಸಲವೂ ಎರಡು ಸಾವಿರದ ಒಂದು ರೂಪಾಯಿ ಇರುತ್ತಿತ್ತು. ಮನೆಯ ಯಜಮಾನಿಗೆ ಸರಕಾರ ತಿಂಗಳಿಗೆ ಹಾಕುವ ಎರಡು ಸಾವಿರವನ್ನೇ ಅತ್ತೆ ಪಾಪ ತಂದು ನಮಗೆ ಹಾಕುತ್ತಿದ್ದಾರೆ, ಮೇಲಿನ ಒಂದು ರೂಪಾಯಿ ಶುಭಕ್ಕೆ ಎಂದು ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಮಗ ಕೊಡದಿದ್ದರೂ ತಾಯಿ ಕೊಡುತ್ತಿದ್ದಾಳಲ್ಲ ಎಂದು ಎಷ್ಟೋ ಸಲ ಕಣ್ಣು ಒದ್ದೆಯಾಗಿದೆ. ಆ ರೊಕ್ಕ ದಿನಸಿಗೆ, ಬಾಡಿಗೆಗೆ ಕರಗಿಹೋಗುತ್ತಿತ್ತು.

ಇದನ್ನೆಲ್ಲ ಹೇಳಿದಾಗ ವಕೀಲರ ನಗು ಅಲ್ಲಿಗೇ ನಿಂತಿತು.

“ಅದು ಮುದುಕಿ ಸ್ವಂತ ರೊಕ್ಕ ಅಂತ ನಿಮಗ ಯಾರು ಹೇಳಿದ್ರು?”

“ಯಾರೂ ಹೇಳಿಲ್ರಿ.”

“ಹಂಗಾದ್ರ ಕೇಸು ಆಕಿ ಬಾಯಾಗ ಕುಂತದ. ನಂದು ಅಂದ್ರ ಅದು ಕಾಣಿಕಿ, ಬಾಕಿ ಪೂರಾ ನಮಗ ಬರ್ತದ. ಮಗಂದು ಅಂದ್ರ ಅರ್ಧಕ್ಕಿಂತ ಜಾಸ್ತಿ ಕೈ ಬಿಟ್ಟು ಹೋಗ್ತದ. ಮೂರು ಸಾವಿರನೂ ಮುಟ್ಟಿಸೇನಿ ಅಂದ್ಳಂದ್ರ ಏನೂ ಉಳಿಯಂಗಿಲ್ಲ, ನೀವೇ ಸುಳ್ಳಿ ಆಗ್ತೀರಿ.” ಪೆನ್ನಿನ ತುದಿಯಿಂದ ಮೇಜು ಕುಟ್ಟಿದರು. “ಇನ್ನ ಮುಂದ ಆ ಮನಿಯಿಂದ ಏನ ಬಂದ್ರೂ ರಸೀದಿ ಬರಸಿ ತಗೋರಿ. ರಸೀದಿ ಇಲ್ಲ ಅಂದ್ರ ಮುಟ್ಟಬ್ಯಾಡ್ರಿ.”

ಬರುವ ದಾರಿಯಲ್ಲಿ ಒಂದು ರಸೀದಿ ಪುಸ್ತಕ ಕೊಂಡೆ. ಮನೆಗೆ ಬಂದು ಮಷೀನಿಗೆ ಕುಳಿತರೆ ದಾರ ಸೂಜಿಯೊಳಗೆ ಹೋಗದು. ಯಾರದೋ ಕೆಂಪು ಸೀರೆಗೆ ಹಸಿರು ಫಾಲ್ ಹಚ್ಚಿ ಮುಗಿಸಿದ ಮೇಲೆ ತಪ್ಪು ಕಣ್ಣಿಗೆ ಬಿತ್ತು. ಹೊಲಿದದ್ದನ್ನೆಲ್ಲ ಬಿಚ್ಚುತ್ತ ಕೂತೆ. ಅತ್ತೆಯ ರೊಕ್ಕವೋ, ಅವರ ರೊಕ್ಕವೋ? ಅವರದಾಗಿದ್ದರೆ ಇಷ್ಟು ದಿನ ಅವರನ್ನು ಬೈದದ್ದೆಲ್ಲ ಏನಾಗಬೇಕು? ಅತ್ತೆಯದಾಗಿರಲಿ ದೇವರೇ ಎಂದು ಬೇಡಿಕೊಂಡೆ. ಬಾಕಿಗಾಗಿಯೂ ಬೇಡಿಕೊಂಡೆ, ಬೈಗುಳಕ್ಕಾಗಿಯೂ ಬೇಡಿಕೊಂಡೆ.

ಕೇಸು ನಡೆದಿರುವಾಗ ಅತ್ತೆ ಬರಲಾರರು ಎಂದುಕೊಂಡಿದ್ದೆ. ಆದರೆ ಅಮಾವಾಸ್ಯೆ ಕಳೆದು ಬಂದ ಮೊದಲ ರವಿವಾರವೇ ಮೆಟ್ಟಿಲ ಮೇಲೆ ಅವರ ಉಸಿರಾಟ ಕೇಳಿಸಿತು. ಮಗಳು ಕೆಳಗೆ ನಲ್ಲಿಗೆ ನೀರು ಹಿಡಿಯಲು ಹೋಗಿದ್ದಳು. ಅತ್ತೆ ಕೂತು, ಬೆವರು ಒರೆಸಿಕೊಂಡು, ಎಂದಿನಂತೆ ಚೀಲ ಬಿಚ್ಚಿದರು.

“ಸೆರಗು ಹಿಡಿ.”

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ರಸೀದಿ ಪುಸ್ತಕ ಹಿಡಿದು ನಿಂತೆ. “ಅತ್ತಿ, ತಪ್ಪು ತಿಳಿಬ್ಯಾಡ್ರಿ. ವಕೀಲರು ಹೇಳ್ಯಾರ. ಇಷ್ಟು ಕೊಟ್ಟೇನಿ ಅಂತ ನೀವು ಇದರ ಮ್ಯಾಲೆ ಒಂದು ಹೆಬ್ಬೆಟ್ಟು ಒತ್ತಬೇಕು.”

“ಏನದು?”

“ರಸೀದಿ.”

“ಉಡಿಗೆ ರಸೀದಿ?” ಅತ್ತೆ ನಗಾಡಿದರು. “ನಿನ್ನ ತಲಿ ನೆಟ್ಟಗದ ಇಲ್ಲೋ? ದೇವರಿಗೆ ಕಾಯಿ ಒಡದು ರಸೀದಿ ಕೇಳ್ತಾರೇನ?”

ಆ ನಗೆಗೆ ನನಗೂ ನಾಚಿಕೆಯಾಯಿತು. ಆದರೂ ಹಟ ಬಿಡದೆ ಬಗ್ಗಿ, ಮುಟ್ಟಿದ ಮೊತ್ತ ಎರಡು ಸಾವಿರದ ಒಂದು ಎಂದು ಬರೆಯತೊಡಗಿದೆ. ಬರೆಯುತ್ತ ಬಾಯಿಯಿಂದಲೂ ಓದಿದೆ. ಅತ್ತೆ ಗಪ್ಪನೆ ನನ್ನ ಮಣಿಕಟ್ಟು ಹಿಡಿದರು. ಆ ಕೈಗೆ ಅಷ್ಟು ಬಲವಿದೆಯೆಂದು ನನಗೆ ಗೊತ್ತಿರಲಿಲ್ಲ.

“ಎಷ್ಟು ಅಂತ ಬರಿಬ್ಯಾಡ.”

“ಯಾಕ್ರಿ?”

“ಬರಿಬ್ಯಾಡ ಅಂದೇನಿ. ಅಂವ ಓದ್ತಾನ.”

ಅತ್ತೆಯ ಮುಖ ನೋಡಿದೆ. ನೋಡುತ್ತಿದ್ದ ಹಾಗೆ ಎಲ್ಲ ತಿಳಿಯಿತು. ಆದರೂ ಅವರ ಬಾಯಿಂದಲೇ ಕೇಳಬೇಕಿತ್ತು. “ಇದು ನಿಮ್ಮ ರೊಕ್ಕ ಅಲ್ಲೇನ್ರಿ? ಸರಕಾರದ್ದು?”

“ಸರಕಾರದ್ದು ನನಗೆಲ್ಲಿ ಬರ್ತದ? ಕಾರ್ಡಿನಾಗ ಒಂದು ಹೆಸರು, ಆಧಾರಿನಾಗ ಒಂದು ಹೆಸರು. ಅದನ್ನ ಸರಿ ಮಾಡಸಾಕ ಅಂವಗ ಪುರಸೊತ್ತಿಲ್ಲ, ನನಗ ಗೊತ್ತಾಗಂಗಿಲ್ಲ.” ಅತ್ತೆ ನೆಲ ನೋಡುತ್ತ ಹೇಳಿದರು. “ಅವನೇ ಕೊಡ್ತಾನ. ಮೂರು ಕೊಡ್ತಾನ. ಆಕಿಗೆ ಕೊಟ್ಟು ಬಾ ಅಂತಾನ, ಅಷ್ಟೇ. ನಿನ್ನ ಹೆಸರೂ ತಗೊಳಂಗಿಲ್ಲ. ಎರಡು ನಾ ಉಡಿಯಾಗ ಹಾಕ್ತೇನಿ. ಒಂದು ಇಟ್ಕೋತೇನಿ.”

“ಯಾಕ?”

“ಮೊಣಕಾಲಿಗೆ ಸೂಜಿ ಮಾಡಸಾಕ. ಬಿ.ಪಿ. ಗುಳಗಿಗೆ. ಈ ಅಕ್ಕಿ, ಕೊಬ್ಬರಿ, ಕಣ ಎಲ್ಲಿಂದ ತರ್ಲಿ ಮತ್ತ? ಅವಂಗ ಕೇಳಿದ್ರ ನಾಳಿ ಅಂತಾನ, ದಿನಾ ನಾಳಿ ಅಂತಾನ. ಒಂದು ಕಪ್ ಚಹಾ ಕುಡಿಬೇಕಂದ್ರೂ ಅವನ ಮುಂದ ಕೈ ಚಾಚಬೇಕು. ನನ್ನ ಕೈಯಾಗ ಬ್ಯಾರೆ ಏನದ ಹೇಳು?”

ಸಿಟ್ಟು ನೆತ್ತಿಗೇರಿತು. ತಿಂಗಳಿಗೊಂದು ಸಾವಿರ! ವರ್ಷದ್ದು ಕೂಡಿಸಿದರೆ ಶಾಲೆಯ ಬಾಕಿಗೆ ಸಾಕಾಗುತ್ತಿತ್ತು. ಇದೇ ಹೆಂಗಸನ್ನು ನಾನು ದೇವರೆಂದು ಕೈ ಮುಗಿಯುತ್ತಿದ್ದೆ. “ಅದು ನನ್ನ ಮಗಳ ಪಾಲಿಂದು, ಅತ್ತಿ” ಎಂದೆ. ಧ್ವನಿ ನಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. ಟಿ.ಸಿ.ಯ ಮಾತು ಬಾಯಿಗೆ ಬಂದಿತ್ತು, ನುಂಗಿದೆ. ನನ್ನ ಬಡತನವನ್ನು ಅವರ ಮುಂದೆ ಹರಡುವುದು ಆಗ ನನಗೆ ಬೇಕಾಗಿರಲಿಲ್ಲ. “ರಸೀದಿ ಇಲ್ಲದ ನಾ ತಗೊಳಂಗಿಲ್ಲ. ಒಯ್ರಿ.”

ಅತ್ತೆ ಬೆಚ್ಚಿಬಿದ್ದರು. ತಂದ ಉಡಿಯನ್ನು ತಿರುಗಿ ಒಯ್ಯುವುದೆಂದರೆ ನಮ್ಮಲ್ಲಿ ಆ ಮನೆಯ ಬಾಗಿಲು ಮುಚ್ಚಿತೆಂದೇ ಅರ್ಥ. ಅಷ್ಟರಲ್ಲಿ ಮಗಳು ಕೊಡ ಹೊತ್ತುಕೊಂಡು ಬಂದಳು. ಅತ್ತೆ ಅವಳನ್ನು ಹತ್ತಿರ ಕರೆದು, ಕೊಡ ಇಳಿಸುವುದಕ್ಕೂ ಬಿಡದಷ್ಟು ಅವಸರದಲ್ಲಿ ಅವಳ ಓಢಣಿಯ ಸೆರಗಿಗೇ ಎಲ್ಲವನ್ನೂ ಸುರಿದರು. ಅರ್ಧ ಅಕ್ಕಿ ನೆಲಕ್ಕೆ ಬಿತ್ತು. ಮಗಳು ಏನೂ ತಿಳಿಯದೆ ನನ್ನ ಮುಖ ನೋಡಿದಳು. ಅತ್ತೆ ಚಹಾಕ್ಕೂ ನಿಲ್ಲಲಿಲ್ಲ. ಮೆಟ್ಟಿಲ ತನಕ ನಾನು ಹೋದೆ.

“ಅವನ ಮುಂದ ಆಡಬ್ಯಾಡ ಯವ್ವಾ,” ಎಂದರು, ಗೋಡೆ ಹಿಡಿದು ಇಳಿಯುತ್ತ. “ಮತ್ತೇನರ ಮಾಡ್ಕೋ. ಅದೊಂದು ಆಡಬ್ಯಾಡ.”

ನನ್ನ ಸಾಕ್ಷಿಯ ತಾರೀಖು ಬಂದೇ ಬಂತು. ಅದರ ಹಿಂದಿನ ದಿನ ವಕೀಲರು ನನಗೆ ಪಾಠ ಹೇಳಿಕೊಟ್ಟರು. ಉಡಿ ಬೇರೆ, ಜೀವನಾಂಶ ಬೇರೆ, ಉಡಿಯಲ್ಲಿ ಎಷ್ಟಿತ್ತೆಂದು ನೆನಪಿಲ್ಲ, ಅಷ್ಟೇ ಹೇಳಿ ಸುಮ್ಮನಾಗಬೇಕು. ಕೇಳಲು ಸುಲಭವಾಗಿತ್ತು. ಮರುದಿನ ಕಟಕಟೆ ಹತ್ತಿದೆ. ಹಿಂದಿನ ಬೆಂಚಿನಲ್ಲಿ ಮಗಳ ಅಪ್ಪ ಕೈಕಟ್ಟಿ ಕುಳಿತಿದ್ದರು. ತಲೆ ಬಹಳ ನರೆತಿತ್ತು. ಬಹಳ ದಿನಗಳ ಮೇಲೆ ಅವರನ್ನು ಅಷ್ಟು ಹತ್ತಿರದಿಂದ ನೋಡಿದೆ.

ಅವರ ವಕೀಲರು ಕೇಳಿದರು, “ನಿಮ್ಮ ಅತ್ತಿ ಪ್ರತಿ ತಿಂಗಳು ನಿಮ್ಮ ಮನಿಗೆ ಬರ್ತಿದ್ರು. ಹೌದಲ್ಲ?”

“ಹೌದ್ರಿ.”

“ಬಂದಾಗ ರೊಕ್ಕ ಕೊಡ್ತಿದ್ರು. ಹೌದಲ್ಲ?”

ನಮ್ಮ ವಕೀಲರು ಗಂಟಲು ಸರಿಮಾಡಿಕೊಂಡರು. ನೆನಪಿಲ್ಲ ಎಂದುಬಿಡಬೇಕಿತ್ತು. ಬಂದದ್ದನ್ನು ಬಂದಿಲ್ಲವೆನ್ನಲು ನನ್ನ ನಾಲಿಗೆ ಹೊರಳಲಿಲ್ಲ. “ಹೌದ್ರಿ” ಎಂದೆ.

“ಮೂರು ಸಾವಿರ ಕೊಡ್ತಿದ್ರು.”

ಅತ್ತೆ ಗೋಡೆ ಹಿಡಿದು ಇಳಿದದ್ದು ಕಣ್ಣ ಮುಂದೆ ಬಂತು. ಹೂಂ ಅಂದರೆ ಅವರ ಮಾನ ಉಳಿಯುತ್ತಿತ್ತು. ಹೂಂ ಅಂದರೆ ನನ್ನ ಮಗಳು ಹಾಜರಿ ಕೂಗುವಾಗ ತಲೆ ತಗ್ಗಿಸಿಕೊಂಡೇ ಕೂಡಬೇಕಿತ್ತು. “ಇಲ್ರಿ,” ಎಂದೆ. “ಎರಡು ಸಾವಿರದ ಒಂದು.”

ಹಿಂದಿನ ಬೆಂಚಿನಿಂದ ಒಂದು ಲೊಚಗುಟ್ಟುವ ಸದ್ದು ಬಂತು. ಹೊರಗೆ ಬಂದ ಮೇಲೆ ಅವರು ವರಾಂಡದಲ್ಲಿ ಅಡ್ಡ ನಿಂತರು. ಅಷ್ಟು ವರ್ಷಗಳ ಮೇಲೆ ಅವರು ನನ್ನೊಡನೆ ಆಡಿದ ಮೊದಲ ಮಾತು ಅದು. “ಸಾವಿರ ರೂಪಾಯಿ ಸಲುವಾಗಿ ನನ್ನ ಅವ್ವನ್ನ ಕಳ್ಳಿ ಮಾಡಿದಿ ಅಲ್ಲ? ಛೀ.” ನಾನು ಚಪ್ಪಲಿ ಮೆಟ್ಟಿಕೊಂಡೆ. ಅವರು ಪೂರ್ತಿ ರೊಕ್ಕ ಕೊಟ್ಟಿದ್ದರು, ಕೊಟ್ಟ ಮನುಷ್ಯನಿಗೆ ಸಿಟ್ಟು ಬರದೆ ಇದ್ದೀತೆ? ಅದೇ ನನ್ನನ್ನು ಇನ್ನಷ್ಟು ಹಿಂಡಿತು.

ಮುಂದಿನ ತಾರೀಖಿಗೆ ಅತ್ತೆಯ ಸಾಕ್ಷಿ ಎಂದಾಯಿತು. ನಡುವಿನ ದಿನಗಳನ್ನು ಹೇಗೆ ಕಳೆದೆನೋ ಕಾಣೆ. ಅಮಾವಾಸ್ಯೆ ಬಂದು ಹೋಯಿತು, ಅತ್ತೆ ಬರಲಿಲ್ಲ. ಕಾಲೇಜಿನಿಂದ ಟಿ.ಸಿ. ಎಲ್ಲಿ ಎಂದು ಫೋನು ಬಂತು. ಕೊನೆಯ ಗಡುವು ಕೋರ್ಟಿನ ತಾರೀಖಿನ ಮರುವಾರವೇ ಇತ್ತು. ಮಷೀನಿನ ಮೇಲೆ ಕುಳಿತರೆ ಹಿಂದಿನಿಂದ ಯಾರೋ ಕರೆದಂತಾಗಿ ಹೊರಳಿ ನೋಡುತ್ತಿದ್ದೆ. ಒಲೆಯ ಮೇಲೆ ಹಾಲು ಇಟ್ಟು ಮರೆತು ಎರಡು ಸಲ ಪಾತ್ರೆ ಸುಟ್ಟೆ.

ಒಂದು ಸಂಜೆ ಮಗಳು ಫೋನು ಹಿಡಿದುಕೊಂಡು ಒಳಗೆ ಬಂದಳು. ಮುಖ ಬಾಡಿತ್ತು.

“ಆಯಿಗೆ ಮಾತಾಡಿದೆ,” ಎಂದಳು; ಅಜ್ಜಿ ಅವಳಿಗೆ ಆಯಿ. “ಪಪ್ಪಾನೂ ಅಲ್ಲೇ ಇದ್ರು. ತಾನು ಪೂರಾ ಮೂರು ಸಾವಿರ ಹಾಕೇನಿ ಅಂತಾಳ.”

ನಾನು ಕತ್ತರಿ ಕೆಳಗಿಟ್ಟೆ.

“ಅವ್ವಾ, ಆಯಿ ಖರೇ ಹೇಳಾಕತ್ತಾಳೋ, ನೀ ಖರೇ ಹೇಳಾಕತ್ತಿಯೋ?”

ಅತ್ತೆ ನನ್ನ ಮುಂದೆ ಆಡಿದ್ದನ್ನೆಲ್ಲ ಹೇಳಿಬಿಡಬಹುದಿತ್ತು. ಅಜ್ಜಿ ಗುಳಗಿಗಾಗಿ ನಿನ್ನ ರೊಕ್ಕ ತೆಗೆದಿಟ್ಟುಕೊಂಡಳು ಎಂದು ಹದಿನಾರರ ಹುಡುಗಿಗೆ ಹೇಗೆ ಹೇಳಲಿ? “ನಾ ಖರೇ ಹೇಳಾಕತ್ತೇನಿ” ಎಂದಷ್ಟೇ ಅಂದೆ. ಅವಳು ಊಟದ ತಟ್ಟೆಯನ್ನು ತಾನೇ ತೊಳೆದಿಟ್ಟು ಹೋಗಿ ಮಲಗಿದಳು. ಟಿ.ಸಿ. ಹೋದರೆ ಒಂದು ವರ್ಷ ಹೋದೀತು. ಮಗಳ ಕಣ್ಣಿನಲ್ಲಿ ನಾನು ಸುಳ್ಳಿಯಾದರೆ ಏನು ಮಾಡುವುದು?

ತಾರೀಖಿನ ದಿನ ಅವಳು ತಾನೂ ಬರುತ್ತೇನೆಂದು ಹಟ ಹಿಡಿದಳು. ಕ್ಲಾಸು ತಪ್ಪುತ್ತದೆ ಎಂದರೆ, “ಹಾಜರಿನೇ ಇಲ್ಲಲ್ಲ, ತಪ್ಪಿದ್ರ ಯಾರಿಗೆ ಗೊತ್ತಾಗ್ತದ?” ಎಂದಳು. ಅವಳನ್ನೂ ಕರೆದುಕೊಂಡು ಹೊರಟೆ.

ಅತ್ತೆ ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಮಗನ ಟೆಂಪೊದಲ್ಲಿ ಬಂದಿದ್ದರು. ನನ್ನ ಕಡೆ ಕಣ್ಣೆತ್ತಿ ನೋಡಲಿಲ್ಲ. ಕಟಕಟೆ ಏರಲು ಮೊಣಕಾಲು ಏಳಲಿಲ್ಲ, ಜವಾನ ತೋಳು ಹಿಡಿದು ಹತ್ತಿಸಿದ. ಸತ್ಯವನ್ನೇ ಹೇಳುತ್ತೇನೆ ಎಂದು ಅವರು ಹೇಳುವಾಗ ನಾನು ಬೆಂಚಿನ ಅಂಚನ್ನು ಹಿಡಿದುಕೊಂಡಿದ್ದೆ.

“ನಿಮ್ಮ ಮಗ ಪ್ರತಿ ತಿಂಗಳು ನಿಮ್ಮ ಕೈಯಾಗ ಮೂರು ಸಾವಿರ ಕೊಡ್ತಿದ್ರು. ಹೌದಲ್ಲಮ್ಮ?” ಎಂದರು ಅವರ ವಕೀಲರು.

“ಕೊಡ್ತಾನ್ರಿ.”

“ಅದನ್ನ ಪೂರಾ ಸೊಸಿಗೆ ಮುಟ್ಟಿಸೀರಿ.”

“ಉಡಿ ತುಂಬೇನ್ರಿ.”

“ಪೂರಾ ಮೂರು ಸಾವಿರ.”

“ಉಡಿಯಾಗಿಂದು ಎಣಿಸಿ ಹೇಳಬಾರದ್ರಿ.”

ಕೋರ್ಟಿನಲ್ಲಿ ಕೆಲವರು ನಕ್ಕರು. ನ್ಯಾಯಾಧೀಶರು ನಗಲಿಲ್ಲ. “ಅಮ್ಮಾ, ಇಲ್ಲಿ ಎಣಿಸಿಯೇ ಹೇಳಬೇಕಾಗುತ್ತದೆ,” ಎಂದರು ಮೆಲ್ಲಗೆ. ಅತ್ತೆ ಮಗನ ಕಡೆ ನೋಡಿದರು. ಮಗ ತಲೆಯಾಡಿಸಿದ, ಹೇಳು ಎನ್ನುವಂತೆ. ಅತ್ತೆ ಹೂಂ ಎನ್ನಲು ಬಾಯಿ ತೆರೆದರು ಎಂದೇ ನನಗೆ ಅನ್ನಿಸಿತು. ಆಗ ಅವರ ಕಣ್ಣು ನನ್ನ ಪಕ್ಕದಲ್ಲಿ ಕುಳಿತವಳ ಮೇಲೆ ಬಿತ್ತು. ತಾನು ಎಲ್ಲಿ ನಿಂತಿದ್ದೇನೆ ಎನ್ನುವುದನ್ನೇ ಮರೆತವರಂತೆ, ನಮ್ಮ ಮನೆಯ ಮೆಟ್ಟಿಲ ಮೇಲೆ ನಿಂತು ಕೇಳುವ ಧ್ವನಿಯಲ್ಲಿ ಕೇಳಿಬಿಟ್ಟರು.

“ಇವತ್ತ ನಿನ್ನ ಕಾಲೇಜು ಇಲ್ಲೇನ ತಂಗಿ?”

ಮಗಳು ಎದ್ದು ನಿಂತಳು. ನಾನು ಕೈ ಹಿಡಿದು ಎಳೆದರೂ ಕೂಡಲಿಲ್ಲ. “ನನ್ನ ಹೆಸರು ಹಚ್ಚಿಲ್ಲ ಆಯಿ. ಫೀ ಬಾಕಿ ಅದ ಅಂತ ಟಿ.ಸಿ. ಕೊಟ್ಟಿಲ್ಲ.”

“ಸುಮ್ಮನಿರಬೇಕು,” ಎಂದರು ನ್ಯಾಯಾಧೀಶರು. ಮಗಳು ಕುಳಿತಳು. ಅತ್ತೆ ಅವಳನ್ನೇ ನೋಡುತ್ತ ನಿಂತರು. ಅವರ ವಕೀಲರು ಮತ್ತೊಮ್ಮೆ, “ಪೂರಾ ಮುಟ್ಟಿಸೀರಿ, ಅಲ್ಲಮ್ಮ?” ಎಂದರು.

“ಇಲ್ರಿ,” ಎಂದರು ಅತ್ತೆ. “ಎರಡು ಸಾವಿರ ಹಾಕೇನಿ. ಮ್ಯಾಲೊಂದು ರೂಪಾಯಿ. ಉಳಿದ ಸಾವಿರ ನಾ ತಿಂದೇನಿ. ಸೊಸಿ ಹೇಳಿದ್ದು ಖರೇ ಅದ.”

ಮಗಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಅಪ್ಪ ಬಾಯಿ ತೆರೆದುಕೊಂಡು ತಾಯಿಯನ್ನೇ ನೋಡುತ್ತಿದ್ದರು.

ಯಾಕೆ ಇಟ್ಟುಕೊಂಡಿರಿ ಎಂದು ನ್ಯಾಯಾಧೀಶರು ಕೇಳಿದರು. ಅತ್ತೆ ಮೊಣಕಾಲಿನ ಸೂಜಿ, ಗುಳಗಿ, ಕೊಬ್ಬರಿ, ಕಣ ಎಂದು ಒಂದೊಂದಾಗಿ ಹೇಳಿದರು. ಮಗ ದಿನಾ ನಾಳೆ ಅನ್ನುವುದನ್ನೂ ಹೇಳಿದರು. ನ್ಯಾಯಾಧೀಶರು ಅದನ್ನೆಲ್ಲ ಬರೆಸಿಕೊಂಡು, ಮಗಳ ಅಪ್ಪನನ್ನು ಮುಂದೆ ಕರೆದರು. ತಾಯಿಯ ಕೈಗೆ ಕೊಟ್ಟದ್ದು ನಿಮ್ಮಿಷ್ಟ, ಮಗಳ ಕೈಗೆ ಮುಟ್ಟಿದ್ದಷ್ಟೇ ಲೆಕ್ಕಕ್ಕೆ ಬರುತ್ತದೆ, ಕಡಿಮೆಯಾದದ್ದನ್ನು ಎರಡು ದಿನದೊಳಗೆ ಕಟ್ಟಬೇಕು ಎಂದರು. ಅವರು ಹೂಂ ಎಂದರು. ಬೇರೇನೂ ಹೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ಆಮೇಲೆ ನ್ಯಾಯಾಧೀಶರು ಅತ್ತೆಯ ಕಡೆ ತಿರುಗಿದರು.

“ಅಮ್ಮಾ, ದುಡಿಯಲಾಗದ ತಾಯಿಗೂ ಮಗನಿಂದ ಜೀವನಾಂಶ ಕೇಳುವ ಹಕ್ಕಿದೆ. ಗೊತ್ತಿದೆಯೇ?”

ಅತ್ತೆ ಎರಡೂ ಕಿವಿ ಮುಚ್ಚಿಕೊಂಡರು. “ಶಿವ ಶಿವಾ! ಹೆತ್ತ ಮಗನ ಮ್ಯಾಲೆ? ಬ್ಯಾಡ್ರಿ, ಅಂಥಾ ಮಾತು ಬ್ಯಾಡ್ರಿ.”

ನಾವು ಹೊರಗೆ ಬರುವಷ್ಟರಲ್ಲಿ ಅವರ ಟೆಂಪೊ ಹೊರಟುಹೋಗಿತ್ತು. ತಾಯಿಯನ್ನು ಬಿಟ್ಟೇ ಹೋಗಿದ್ದರು. ಅತ್ತೆ ಗೇಟಿನ ಬಳಿ, ಅದು ನಿಂತಿದ್ದ ಜಾಗವನ್ನು ನೋಡುತ್ತ ನಿಂತಿದ್ದರು. ಮಗಳು ಹೋಗಿ ಅವರ ಚೀಲ ತೆಗೆದುಕೊಂಡಳು. ನಾನು ತೋಳು ಹಿಡಿದೆ. ಮೂವರೂ ಆಟೊದಲ್ಲಿ ಬಸ್ ಸ್ಟ್ಯಾಂಡಿಗೆ ಹೋದೆವು.

“ನಮ್ಮ ಮನಿಗೆ ಬರ್ರಿ ಅತ್ತಿ,” ಎಂದೆ, ಬೆಂಚಿನ ಮೇಲೆ ಕೂಡಿಸಿ. “ಅವರ ಸಿಟ್ಟು ಇಳಿಯೂ ತನಾ ಇರ್ರಿ.”

“ಬ್ಯಾಡ. ಅಂವ ಉಂಡಿರಂಗಿಲ್ಲ.”

ಹುಮನಾಬಾದಿನ ಬಸ್ಸು ಬಂತು. ಜನ ನುಗ್ಗಿದರು. ಮಗಳು ಒಳಗೆ ಹೋಗಿ ಕಿಟಕಿಯ ಪಕ್ಕ ಟವೆಲ್ ಹಾಕಿ ಸೀಟು ಹಿಡಿದಳು. ಅತ್ತೆ ಬಾಗಿಲ ಸರಳು ಹಿಡಿದು ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟರು. ಇನ್ನೊಂದು ಕಾಲು ಎತ್ತಲಿಲ್ಲ. ನೋವಿಗೆ ನಿಂತರೆಂದು ನಾನು ಹಿಂದಿನಿಂದ ಸೊಂಟಕ್ಕೆ ಕೈ ಕೊಟ್ಟೆ. ಕಂಡಕ್ಟರ್ “ಜಲ್ದಿ ಹತ್ರಿ ಆಯಿ” ಎಂದು ಕೂಗಿದ. ಅತ್ತೆ ಇಟ್ಟ ಕಾಲನ್ನೂ ಕೆಳಗೆ ಇಳಿಸಿ ನನ್ನ ಕಡೆ ತಿರುಗಿದರು. ಆ ದಿನ ಅವರು ನನ್ನ ಮುಖವನ್ನು ನೇರವಾಗಿ ನೋಡಿದ್ದು ಆಗಲೇ.

“ನಿನ್ನ ವಕೀಲ ಒಂದು ಅರ್ಜಿಗೆ ಎಷ್ಟು ತಗೋತಾನ?”

ನಾನು ಮಗಳನ್ನು ಬಸ್ಸಿನಿಂದ ಇಳಿ ಎಂದು ಕೂಗಿ ಕರೆದೆ.